ಮೊಬೈಲಿಗೊಂದು ಬೀಗರ ಹಾಡು

ಯಾರು ಏನು ತಂದು ತೋರಿಸಿದರೂ ಹುಲಿಗವ್ವನ ಬಾಯಿಂದ ಬರುವುದು ಒಂದೇ ಮಾತು: ಛಲೋ ಐತಿ. ಕೊಪ್ಪಳದ ಆ ಓಣಿಯಲ್ಲಿ ಅದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯ ಹೊಸ ಸೊಸೆ ಉಪ್ಪು ಮರೆತು ಸಾರು ಕಳಿಸಿದರೂ ಛಲೋ, ಎದುರು ಮನೆಯ ಕೂಸು ಇದ್ದಿಲಿನಿಂದ ಅವಳ ಗೋಡೆಯ ಮೇಲೆ ಎತ್ತು ಬರೆದು ಅದು ಹಲ್ಲಿಯ ಹಾಗೆ ಕಂಡರೂ ಛಲೋ. ಮಕ್ಕಳು ಎರಡು ಕೈಯಲ್ಲಿ ಹಿಡಿದು ತಂದದ್ದಕ್ಕೆ ಹೆಸರಿಡಬಾರದು, ಕೊಂಕು ತೆಗೆಯಬಾರದು ಎಂಬುದು ಅವಳು ಲಗ್ನವಾಗಿ ಬಂದಾಗಿನಿಂದ ಹಿಡಿದುಕೊಂಡು ಬಂದ ಮಾತು. ಮಾತು ಕಡಿಮೆ, ಸಮಾಧಾನ ಹೆಚ್ಚು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ದಪ್ಪ ಅಕ್ಷರವಿದ್ದರೆ ಕೂಡಿಸಿಕೊಂಡು ಓದಬಲ್ಲಳು.

ಕೆಲಸ ಖಡಕ್ ರೊಟ್ಟಿಯದು. ನೂರಜಾನಬಿ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಬೆಳಗಾಗುತ್ತಲೇ ಬಂದು ಒಲೆಯ ಮುಂದೆ ಕೂತು ಬಡಿಯಲು ಶುರು ಮಾಡಿದರೆ ಸಂಜೆಯ ತನಕ ಆ ಮನೆಯಿಂದ ಒಂದೇ ತಾಳ ಕೇಳುತ್ತಿತ್ತು. ಕುಷ್ಟಗಿಯ ಮದುವೆಗಳು, ಯಲಬುರ್ಗಾದ ಖಾನಾವಳಿಗಳು, ಅಂಜನಾದ್ರಿ ಹತ್ತಿ ಇಳಿದವರಿಗೆ ಊಟ ಹಾಕುವ ಹನುಮನಹಳ್ಳಿಯ ಕುಬೇರಪ್ಪ, ಎಲ್ಲರಿಗೂ ಇಲ್ಲಿಂದಲೇ ರೊಟ್ಟಿ. ಯಾರಿಗೆ ಯಾವಾಗ ಎಷ್ಟು ಎಂಬುದೆಲ್ಲ ಹುಲಿಗವ್ವನ ತಲೆಯಲ್ಲಿತ್ತು. ತೊಂದರೆ ಏನೆಂದರೆ, ಫೋನು ಮಾಡಿದವರಿಗೆಲ್ಲ ಅವಳು ಹೂಂ ಅಂದುಬಿಡುತ್ತಿದ್ದಳು. ಆಮೇಲೆ ಭುಜ ನೋಯಿಸಿಕೊಂಡು ಬಡಿಯುವವರು ಎಲ್ಲರೂ.

ಅಟ್ಟದ ಮೇಲಿನ ಕೋಣೆಯಲ್ಲಿ ಇಬ್ಬರು ಹುಡುಗಿಯರು ಬಾಡಿಗೆಗಿದ್ದರು. ಹನುಮಸಾಗರದ ಸುಮಂಗಲಾ, ಗಂಗಾವತಿಯ ಅಫ್ಸಾನಾ. ಇಬ್ಬರೂ ಊರ ಹೊರಗಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷ ಓದುವವರು. ಬಾಡಿಗೆಯವರು ಎಂಬುದು ಮೊದಲ ತಿಂಗಳಿಗೇ ಮರೆತುಹೋಗಿತ್ತು. ಹುಲಿಗವ್ವನನ್ನು ಇಬ್ಬರೂ ಆಯಿ ಅನ್ನುತ್ತಿದ್ದರು. ಅವಳು ಭಾನುವಾರ ಇಬ್ಬರ ತಲೆಗೂ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು, ಸುಮಂಗಲಾಳದು ಗುಂಗುರು ಕೂದಲು, ಬಾಚುವಾಗ ಬಯ್ಯದೆ ಬಾಚಲು ಹುಲಿಗವ್ವನಿಗೆ ಮಾತ್ರ ಸಾಧ್ಯ ಎಂದು ಅಫ್ಸಾನಾ ನಗುತ್ತಿದ್ದಳು.

ಆ ಸೆಮಿಸ್ಟರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಅನ್ನುವ ಹೊಸ ವಿಷಯ ಬಂತು. ಕಲಿಸುವವರು ಹೇಮಾವತಿ ಮೇಡಂ. ಮೊದಲ ದಿನವೇ ನಿಯಮಗಳ ಒಂದು ಹಾಳೆ ಕೊಟ್ಟು, ಇದನ್ನು ಓದದೆ ನನ್ನ ಕ್ಲಾಸಿಗೆ ಬರಬೇಡಿ ಅಂದಿದ್ದರಂತೆ. ಹುಡುಗಿಯರು ಅದನ್ನು ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸಿ ಗಟ್ಟಿಯಾಗಿ ಓದಿದರು. ಹುಲಿಗವ್ವ ಹಿಟ್ಟು ಸಾಣಿಸುತ್ತ ಪುರಾಣ ಕೇಳಿದಂತೆ ಕೇಳಿದಳು. ತಡವಾಗಿ ಕೊಟ್ಟರೆ ಅಂಕ ಕಡಿಮೆ, ನೆಪ ಹೇಳುವ ಹಾಗಿಲ್ಲ. ಇನ್ನೊಬ್ಬರು ಬರೆದದ್ದನ್ನು ನನ್ನದು ಅನ್ನಬಾರದು. ಯಾರ ಸಹಾಯ ತೆಗೆದುಕೊಂಡರೂ ಅವರ ಹೆಸರು ಹೇಳಬೇಕು. ಮೂವರ ತಂಡವಾದರೆ ಮೂವರೂ ದುಡಿಯಬೇಕು, ಒಬ್ಬರು ಹೊತ್ತು ಇಬ್ಬರು ಮೇಲೆ ಕೂತು ಹೋಗುವಂತಿಲ್ಲ. ಎಲ್ಲ ಕೇಳಿ ಹುಲಿಗವ್ವ ತಲೆಯಾಡಿಸಿದಳು.

"ಮನ್ಯಾಗ ನಾಕು ಮಂದಿ ಸೊಸ್ತ್ಯಾರು ಬಾಳೇವು ಮಾಡಬೇಕಂದ್ರ ಇವ ಕಾಯ್ದೆ ಬೇಕಾಗ್ತಾವ. ನಿಮ್ಮ ಅಕ್ಕೋರು ದೊಡ್ಡ ಮನ್ಯಾಗ ಬೆಳೆದಾರ."

ಕೊನೆಯ ನಿಯಮಕ್ಕೆ ಬಂದಾಗ ಇಬ್ಬರೂ ಒಮ್ಮೆಲೇ ಅವಳ ಕಡೆ ತಿರುಗಿದರು. ಮಾಡುವ ಕೆಲಸ ಕಾಲೇಜಿನ ಹೊರಗಿನ ಒಬ್ಬರಿಗೆ ನಿಜವಾಗಿ ಬೇಕಾದದ್ದಾಗಿರಬೇಕು. ಅವರಿಗೆ ತೋರಿಸಬೇಕು, ಪಕ್ಕದಲ್ಲಿ ನಿಂತು ಹೀಗೆ ಒತ್ತಿ ಹಾಗೆ ಒತ್ತಿ ಎಂದು ಹೇಳಿಕೊಡಬಾರದು. ಅವರು ಹೇಳಿದ ತಪ್ಪುಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ತಿದ್ದಬೇಕು, ತಿದ್ದಿದ್ದನ್ನು ಮತ್ತೆ ತೋರಿಸಿ ಮತ್ತೆ ಕೇಳಬೇಕು. ತಪ್ಪೇ ಸಿಗದ ಕೆಲಸವನ್ನು ಯಾರಿಗೂ ತೋರಿಸಿಲ್ಲ ಎಂದೇ ತಿಳಿಯಲಾಗುವುದು. ಅಂಥ ತಂಡ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ, ಮುಂದಿನ ವರ್ಷ ಈ ವಿಷಯವನ್ನು ಮೊದಲಿನಿಂದ ಓದಬೇಕು.

ಹಾಗೆ ಹುಲಿಗವ್ವ ಆ ತಂಡದ ಬಳಕೆದಾರಳಾದಳು. ರೊಟ್ಟಿಯ ಆರ್ಡರುಗಳನ್ನು ತೆಗೆದುಕೊಳ್ಳುವ ಒಂದು ಆ್ಯಪ್ ಮಾಡುವುದೆಂದು ತೀರ್ಮಾನವಾಯಿತು. ಫೋನು ಮಾಡಿದವರ ಆರ್ಡರನ್ನು ಹುಲಿಗವ್ವ ಅದರಲ್ಲಿ ಹಾಕಿಡಬಹುದು, ಗಿರಾಕಿಗಳು ತಾವೇ ಕಳಿಸಿದ್ದಕ್ಕೆ ಹೂಂ ಅನ್ನಬಹುದು. ಮೂರನೆಯವನು ಕಿನ್ನಾಳದ ದುರಗೇಶ. ಉದ್ದನೆ ಹುಡುಗ, ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಆ ಮನೆಯೊಳಗೆ ಬಂದವನೇ ಅಲ್ಲ. ಬಸ್ಸಿಳಿದು ನೇರ ಇಲ್ಲಿಗೇ ಬಂದು, ಶೇಂಗಾ ಚಟ್ನಿಯಲ್ಲಿ ರೊಟ್ಟಿ ಮುರಿದು ತಿಂದೇ ಕೆಲಸಕ್ಕೆ ಕೂರುತ್ತಿದ್ದ.

ಮೊದಲ ಸಲ ತೋರಿಸಿದ ದಿನ ಹುಲಿಗವ್ವ ಕೈ ಒರೆಸಿಕೊಂಡು ಫೋನನ್ನು ಆರತಿ ತಟ್ಟೆಯ ಹಾಗೆ ಹಿಡಿದಳು. ಏನೋ ಒತ್ತಿದಳು, ಏನೋ ಆಯಿತು. ಮತ್ತೆ ಒತ್ತಿದಳು, ಎಲ್ಲ ಮಾಯವಾಯಿತು. ತನ್ನ ಬೆರಳಿಗೆ ಹಿಟ್ಟು ಹತ್ತಿತ್ತು, ಅದು ಬೆರಳಿನದೇ ತಪ್ಪು ಎಂದಳು. ಹೇಗಿದೆ ಎಂದು ಕೇಳಿದರೆ ಛಲೋ ಐತಿ ಅಂದಳು. ಎರಡನೇ ಸಲವೂ ಹಾಗೆಯೇ. ಏನೂ ಅಡಚಣೆ ಆಗಲಿಲ್ಲವೇ ಆಯಿ ಎಂದು ಅಫ್ಸಾನಾ ಬೇರೆ ಬೇರೆ ಬಗೆಯಲ್ಲಿ ಕೇಳಿದಳು. ಇಷ್ಟು ಸಣ್ಣ ಕೈಗಳು ಇಷ್ಟು ದೊಡ್ಡದು ಮಾಡ್ಯಾವ, ಅದರಾಗ ಅಡಚಣಿ ಎಲ್ಲಿಂದ ಬರಬೇಕು ಎಂದು ಹುಲಿಗವ್ವ ಅವಳ ಗಲ್ಲ ಸವರಿ ಲಟಿಗೆ ಮುರಿದಳು. ದುರಗೇಶನಿಗೆ ಇನ್ನೊಂದು ರೊಟ್ಟಿ ಬಿತ್ತು.

ತಪ್ಪು ಬರೆಯಬೇಕಾದ ಹಾಳೆ ಖಾಲಿಯೇ ಉಳಿಯಿತು.

ಒಂದು ಸಂಜೆ ಮೂವರೂ ಮುಖ ಇಳಿಸಿಕೊಂಡು ಬಂದರು. ಸುಮಂಗಲಾ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು ಅಲ್ಲೇ ಕೂತಳು. ಮೇಡಂ ಎಲ್ಲ ತಂಡದ ಹಾಳೆಗಳನ್ನು ನೋಡಿದ್ದರು. ಇವರದನ್ನು ಎತ್ತಿ ಹಿಡಿದು, ನೀವು ಇದನ್ನು ಯಾರಿಗೂ ತೋರಿಸಿಲ್ಲ, ಇಲ್ಲದಿದ್ದರೆ ನಿಮ್ಮನ್ನು ಮುದ್ದು ಮಾಡುವವರಿಗೆ ತೋರಿಸಿದ್ದೀರಿ, ನನ್ನ ಲೆಕ್ಕದಲ್ಲಿ ಎರಡೂ ಒಂದೇ ಅಂದಿದ್ದರು. ತಪ್ಪುಗಳ ಹಾಳೆ ತುಂಬಿ ಕೊಡುವುದು ತಡವಾದದ್ದಕ್ಕೆ ಅಂಕ ಕಳೆದದ್ದು ಕಳೆದದ್ದೇ. ಬರುವ ಶುಕ್ರವಾರ ನಾನೇ ಮನೆಗೆ ಬಂದು ಬಳಕೆದಾರರ ಜೊತೆ ಮಾತಾಡುತ್ತೇನೆ, ಆಗಲೂ ಹೀಗೇ ಇದ್ದರೆ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಬೆಂಚಿನ ಮೇಲೆ ಸಿಗೋಣ ಎಂದೂ ಹೇಳಿದ್ದರು.

ಹುಲಿಗವ್ವ ಒಲೆಯ ಬೆಂಕಿ ಹಿಂದಕ್ಕೆ ಎಳೆದು, ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಂಡಳು. ತನ್ನ ಮಾತೇ ಈ ಕೂಸುಗಳ ವರ್ಷ ಕಳೆಯಲು ಹೊರಟಿದೆ ಎಂಬುದು ಅವಳಿಗೆ ನಿಧಾನವಾಗಿ ತಿಳಿಯಿತು. ತಿಳಿದ ಮೇಲೆ ಕೈ ಹಿಟ್ಟಿನಲ್ಲೇ ನಿಂತಿತು.

"ಹಂಗಾರ ನೀವ ನಾಕು ತಪ್ಪು ಬರಕೋರಿ," ಅಂದಳು. "ಅಕ್ಕೋರು ಬಂದಾಗ ನಾ ಹೌದ್ರಿ ಅಂತೀನಿ."

ದುರಗೇಶನ ಮುಖ ಸ್ವಲ್ಪ ಅರಳಿತು. ಸುಮಂಗಲಾ ತಲೆ ಎತ್ತಲಿಲ್ಲ.

"ಹಂಗ ಬರೂದಿಲ್ಲ ಆಯಿ. ಮೇಡಂ ನಿನ್ನ ಕಣ್ಣು ನೋಡಿದ್ರ ಸಾಕು, ಗೊತ್ತಾಗ್ತೈತಿ. ನಿನಗ ಸುಳ್ಳು ಹೇಳಾಕ ಬರೂದಿಲ್ಲ."

"ಬರ್ತೈತಿ, ದಿನಾ ಹೇಳ್ತಾಳ," ಅಂದಳು ಅಫ್ಸಾನಾ. "ಛಲೋ ಐತಿ, ಛಲೋ ಐತಿ ಅಂತ."

ಅವಳು ನಗಿಸಲು ಹೇಳಿದ ಮಾತು. ಆದರೆ ಯಾರೂ ನಗಲಿಲ್ಲ. ಹುಲಿಗವ್ವ ಕೈ ತೊಳೆದು ಬಂದು, ಕೊಡು ಇಲ್ಲಿ ಎಂದು ಫೋನು ತೆಗೆದುಕೊಂಡಳು. ಗಂಭೀರವಾಗಿ ನೋಡಿದಳು, ತಿರುಗಿಸಿ ನೋಡಿದಳು. ಈ ಬಣ್ಣ, ಎಂದು ಶುರು ಮಾಡಿ ನಿಲ್ಲಿಸಿದಳು. ಸುಮಂಗಲಾ ಪೆನ್ನು ಎತ್ತಿಕೊಂಡಳು. ಬಣ್ಣ ಛಲೋ ಐತಿ ಅಂದಳು. ನಾಲಿಗೆಯೇ ಹೊರಳುತ್ತಿರಲಿಲ್ಲ, ಮಾಡುವುದೇನು. ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ಸುಮಂಗಲಾ ತನ್ನ ಚಿಂತೆ ಬಿಟ್ಟು ಅವಳನ್ನೇ ಸಮಾಧಾನ ಮಾಡಬೇಕಾಯಿತು.

ಮೂಲೆಯಲ್ಲಿ ರೊಟ್ಟಿ ತುಂಬಿದ ಪುಟ್ಟಿಗೆ ಬಟ್ಟೆ ಸುತ್ತುತ್ತಿದ್ದ ನೂರಜಾನಬಿ ಗಟ್ಟಿಯಾಗಿ ನಕ್ಕಳು.

"ಈಕಿಗೆ ಹೆಸರಿಡಾಕ ಬರೂದಿಲ್ಲಂತೀರೇನು? ಲಗ್ನದಾಗ ಈಕಿ ಬೀಗರ ಹಾಡು ನೀವು ಕೇಳಿಲ್ಲ."

ಆ ಮೇಲೆ ಅವಳು ಹೇಳಿದ್ದು ಹುಡುಗರು ನಂಬಲಾರದ ಕತೆ. ಮದುವೆಯಲ್ಲಿ ಹೆಣ್ಣಿನವರ ಕಡೆಯ ಹೆಂಗಸರು ಗಂಡಿನ ಕಡೆಯ ಬೀಗರನ್ನು ಹಾಡಿನಲ್ಲಿ ಹಂಗಿಸುತ್ತಾರಲ್ಲ, ಆ ಹಾಡಿಗೆ ಒಂದು ಕಾಲಕ್ಕೆ ಹುಲಿಗವ್ವನನ್ನು ಯಲಬುರ್ಗಾ, ಕುಕನೂರಿನ ತನಕ ಕರೆಯುತ್ತಿದ್ದರಂತೆ. ಬೀಗರು ತಂದ ಸೀರೆಯಿಂದ ಹಿಡಿದು ಬೀಗರ ಮೀಸೆಯ ತನಕ ಒಂದನ್ನೂ ಬಿಡುತ್ತಿರಲಿಲ್ಲವಂತೆ. ಒಮ್ಮೆ ವರನ ಸೋದರಮಾವ ಅನ್ನದ ಹಂಡೆಯ ಹಿಂದೆ ಅಡಗಿ ಕೂತು, ಹಾಡು ಮುಗಿದ ಮೇಲೆಯೇ ಎದ್ದು ಬಂದು ಅವಳಿಗೆ ಕೈ ಮುಗಿದಿದ್ದನಂತೆ. ಯಾರೂ ಸಿಟ್ಟಾಗುವುದಿಲ್ಲ, ಸಿಟ್ಟಾದವರು ಬೀಗರೇ ಅಲ್ಲ. ಹಾಡು ಬೀಳದಿದ್ದರೆ, ನಮ್ಮನ್ನು ಯಾರೂ ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ ಎಂದು ಮುಖ ಊದಿಸಿಕೊಳ್ಳುತ್ತಾರೆ.

"ಅದು ಬ್ಯಾರೆ ನೂರಜಾ," ಅಂದಳು ಹುಲಿಗವ್ವ, ನಾಚಿ. "ಅವರು ಬೀಗರು. ಇವು ನಮ್ಮ ಮಕ್ಕಳು."

"ಹಂಗಾರ ಇವರನ್ನ ಬೀಗರು ಮಾಡು."

ಅಫ್ಸಾನಾ ಆಗಲೇ ಎದ್ದಿದ್ದಳು. ಇಬ್ಬರನ್ನೂ ಎಳೆದುಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಬಡಿದ ಸದ್ದು. ದುರಗೇಶ ಟವೆಲ್ಲನ್ನು ರುಮಾಲು ಸುತ್ತಿಕೊಂಡು ಹೊಟ್ಟೆ ಮುಂದೆ ಮಾಡಿ ನಿಂತಿದ್ದ, ಒಳಗೆ ಬರುವಾಗ ಎಂದಿನಂತೆ ತಲೆ ಬಡಿಸಿಕೊಂಡ. ಸುಮಂಗಲಾ ಸೆರಗಿನ ಹಾಗೆ ದುಪಟ್ಟಾ ಹೊದ್ದು ವರನ ತಾಯಿಯ ಬಿಗಿ ಮುಖ ಮಾಡಿದ್ದಳು. ಅಫ್ಸಾನಾ ಹಿತ್ತಾಳೆ ತಟ್ಟೆಯಲ್ಲಿ ಫೋನು ಇಟ್ಟು ಮೇಲೆ ಕೈವಸ್ತ್ರ ಮುಚ್ಚಿ, ಬೀಗರ ಉಡುಗೊರೆ ಹೊತ್ತವಳಂತೆ ಬಂದಳು. ನೂರಜಾನಬಿ ಜಮಖಾನ ಹಾಸಿ, ಚರಗಿಯಲ್ಲಿ ಕೈಕಾಲಿಗೆ ನೀರು ಕೊಟ್ಟು, ಬರ್ರಿ ಬೀಗರ, ದಾರ್ಯಾಗ ಎತ್ತು ಹೊಸಾವಿದ್ದುವೇನು, ಇಷ್ಟು ತಡಾ ಮಾಡಿದ್ರಿ ಎಂದು ವಿಚಾರಿಸಿದಳು.

ಹುಲಿಗವ್ವ ಸೆರಗು ಬಾಯಿಗಿಟ್ಟು ನಕ್ಕಳು, ಒಲ್ಲೆ ಎಂದು ಕೈ ಆಡಿಸಿದಳು. ಇದೇನು ಹುಚ್ಚಾಟ ಎಂದಳು. ಆದರೂ ಬಂದವರಿಗೆ ಬರ್ರಿ ಅನ್ನದಿರಲು ಆಗುತ್ತದೆಯೇ? ಎದುರು ಕೂತಳು. ತಟ್ಟೆಯ ಬಟ್ಟೆ ಸರಿಸಿ ಫೋನು ಕೈಗೆ ತೆಗೆದುಕೊಂಡಳು. ದುರಗೇಶ ಮೀಸೆಯಿಲ್ಲದ ತುಟಿಯ ಮೇಲೆ ಮೀಸೆ ತಿರುವಿದ. ಆ ಗತ್ತು ನೋಡಿದ್ದೇ ತಡ, ಎಷ್ಟೋ ವರ್ಷ ಮಲಗಿದ್ದ ಏನೋ ಒಂದು ಅವಳೊಳಗೆ ಮಗ್ಗುಲು ಬದಲಿಸಿತು. ಕಣ್ಣು ಸಣ್ಣದಾಯಿತು. ದನಿ ಮೊದಲು ಸಣ್ಣದಾಗಿ ಬಂತು, ಆಮೇಲೆ ಒಲೆಯ ಮುಂದಿನ ಹೆಂಗಸರೂ ತಿರುಗಿ ನೋಡುವಷ್ಟಾಯಿತು.

"ಬೀಗರು ಬಂದಾರ ಕನ್ನಡಿ ತಂದಾರ
ಕನ್ನಡಿ ತುಂಬ ಬರದಾರ
ಇರುವಿ ಸಾಲ ಹೊಂಟಾವ ಅಂತಿದ್ದೆ ನಾನು
ಅಕ್ಷರಂತ ಅವಕ ಕರದಾರ."

ಸುಮಂಗಲಾ ವರನ ತಾಯಿಯ ಮುಖ ಮರೆತು ಚೀಲದಿಂದ ಹಾಳೆ ಎಳೆದಳು. ಅಕ್ಷರ ಸಣ್ಣದು! ಎರಡು ತಿಂಗಳು ಈ ಮಾತು ಎಲ್ಲಿತ್ತು? ನೂರಜಾನಬಿ ಪರಾತದ ಮೇಲೆ ಬೆರಳಿನಿಂದ ತಾಳ ಹಾಕಿ, ಸೋ ಎಂದು ದನಿಗೂಡಿಸಿದಳು. ಹುಲಿಗವ್ವ ಒಂದು ಗುಂಡಿ ಒತ್ತಿದಳು, ಮತ್ತೆ ಒತ್ತಿದಳು.

"ಒಮ್ಮಿ ಒತ್ತಿದರ ನೂರು ರೊಟ್ಟಿ ಬೇಡ್ಯಾರ
ಮತ್ತೊಮ್ಮಿ ಒತ್ತಿದರ ಇನ್ನೂರ
ಬೀಗರ ಹೊಟ್ಟಿ ಜೋಳದ ಹಗೇವು ಇರಬೇಕ ತಂಗಿ
ತುಂಬಾಕ ಬರೂದಿಲ್ಲ ನಮ್ಮೂರ."

ಒಂದೇ ಆರ್ಡರು ಎರಡು ಸಲ ಬೀಳುತ್ತಿತ್ತು! ದುರಗೇಶ ರುಮಾಲು ಹಿಡಿದುಕೊಂಡು ಸುಮಂಗಲಾಳ ಭುಜದ ಮೇಲಿಂದ ಬಗ್ಗಿ ನೋಡಿದ. ಅದು ಅವನು ಬರೆದ ಭಾಗ. ಆಮೇಲೆ ರೊಟ್ಟಿಯ ಚಿತ್ರವೆಂದು ಮುಂದೆ ಹಾಕಿದ್ದು ಮೈದಾದ ನಾನ್ ಎಂಬುದು ಹಾಡಿನಲ್ಲಿ ಬಂತು, ಬೀಗರ ಊರಲ್ಲಿ ಜೋಳ ಬೆಳೆಯುವುದಿಲ್ಲವೇನು ಎಂಬ ಹಂಗಿಸುವ ಮಾತಿನ ಜೊತೆ. ಅಡ್ಡಹೆಸರು ಹಾಕದ ಹೊರತು ಮುಂದಕ್ಕೆ ಬಿಡುವುದಿಲ್ಲ ಎಂಬುದು ಬಂತು. ಕುಬೇರಪ್ಪನ ಅಡ್ಡಹೆಸರು ಯಾರಿಗೆ ಗೊತ್ತು? ಹನುಮನಹಳ್ಳಿಯ ಕುಬೇರಪ್ಪ ಅಂದರೆ ಸಾಲದೇ? ಹುಲಿಗವ್ವ ಈಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪರದೆಯ ಮೇಲೆ ಏನನ್ನೋ ಹುಡುಕಿದಳು, ಸಿಗಲಿಲ್ಲ. ದುರಗೇಶನ ಕಡೆ ತಿರುಗಿ ರಾಗ ಎಳೆದಳು.

"ಹೂಂ ಅನ್ನಾಕ ಹಸರ ಗುಂಡಿ ಇಟ್ಟಾರ
ಒಲ್ಲೆ ಅನ್ನಾಕ ಮರತಾರ
ಒಲ್ಲೆ ಒಲ್ಲೆ ಅಂತ ಊರ ಹುಡುಗ್ಯಾರು ಅಂದು
ಆ ಮಾತ ಕೇಳಿದರ ಹೆದರ್ತಾರ."

ಅಫ್ಸಾನಾ ತಟ್ಟೆ ಕೆಳಗೆ ಬಿಟ್ಟು ನಕ್ಕಳು. ದುರಗೇಶ ಕೆಂಪಾಗಿ ರುಮಾಲಿನೊಳಗೆ ಮುಖ ಮುಚ್ಚಿಕೊಂಡ. ಸುಮಂಗಲಾ ಮಾತ್ರ ಬರೆಯುವುದನ್ನು ನಿಲ್ಲಿಸಿ ಫೋನನ್ನೇ ನೋಡಿದಳು. ಬಂದ ಆರ್ಡರನ್ನು ಬೇಡ ಅನ್ನುವ ದಾರಿಯನ್ನೇ ಅವರು ಮಾಡಿರಲಿಲ್ಲ. ಈ ಮನೆಯಲ್ಲಿ ಯಾರಾದರೂ ಬೇಡ ಅಂದದ್ದನ್ನು ಅವರು ಕೇಳಿದ್ದರೆ ತಾನೆ.

ಹಾಡು ಮುಗಿದಾಗ ಹುಲಿಗವ್ವ ನಿದ್ದೆಯಿಂದ ಎದ್ದವಳಂತೆ ಸುತ್ತ ನೋಡಿದಳು. ಎಲೆ ಅಡಿಕೆ ಹುಡುಕಿ ಮೂವರ ಕೈಗೂ ಕೊಟ್ಟಳು, ಏನೂ ತಿಳಕೊಬ್ಯಾಡ್ರಿ ಬೀಗರ ಎಂದಳು. ಅದು ಆ ಹಾಡಿನ ಪದ್ಧತಿ.

ಹಾಡನ್ನು ಹಾಡಿನಂತೆಯೇ ಬರೆಯಬೇಕೇ, ತಪ್ಪನ್ನು ಮಾತ್ರ ಆಯ್ದು ಬರೆಯಬೇಕೇ ಎಂದು ಮೂವರಲ್ಲಿ ಚರ್ಚೆ ನಡೆಯಿತು. ನಿಯಮದಲ್ಲಿ ಬಳಕೆದಾರರ ಮಾತಿನಲ್ಲೇ ಎಂದಿದೆ, ಅಂದ ಮೇಲೆ ಹಾಡಿನಂತೆಯೇ ಎಂದು ಅಫ್ಸಾನಾ ಹಠ ಹಿಡಿದು ಗೆದ್ದಳು. ಆ ವಾರವೆಲ್ಲ ಅವರು ತಿದ್ದಿದರು. ಅಕ್ಷರ ದಪ್ಪವಾಯಿತು. ಎರಡು ಸಲ ಒತ್ತಿದರೂ ಒಂದೇ ಆರ್ಡರು ಬೀಳುವಂತಾಯಿತು. ಹುಲಿಗವ್ವನದೇ ರೊಟ್ಟಿಯ ಚಿತ್ರ ಬಂತು. ಕೆಂಪು ಬಣ್ಣದ ಒಲ್ಲೆ ಗುಂಡಿಯೂ ಬಂತು.

ಶುಕ್ರವಾರ ಹೇಮಾವತಿ ಮೇಡಂ ಸ್ಕೂಟಿಯ ಮೇಲೆ ಬಂದರು. ಸಣ್ಣ ಆಳು, ಗಟ್ಟಿ ದನಿ. ಮೂವರನ್ನೂ ಮೆಟ್ಟಿಲ ಮೇಲೆ ಕೂರಿಸಿ, ನಾನು ಕೇಳುವ ತನಕ ಮಾತಾಡಬಾರದು ಎಂದು ಹೇಳಿ ಒಲೆಯ ಹತ್ತಿರ ಮಣೆ ಎಳೆದುಕೊಂಡು ಕೂತರು. ಹಾಡಿನ ಹಾಳೆಯನ್ನು ಮೊದಲಿನಿಂದ ಕೊನೆಯ ತನಕ ಓದಿದರು. ದುರಗೇಶನನ್ನು ಹಂಗಿಸಿದ ಸಾಲಿಗೆ ಬಂದಾಗ ಅವರ ತುಟಿ ಬಿಗಿಯಾಯಿತು, ನಗು ತಡೆದುಕೊಂಡದ್ದು ಹುಲಿಗವ್ವನಿಗೆ ಕಂಡಿತು. ಇದು ಹೇಗೆ ಬಂತು ಎಂದು ಕೇಳಿದಾಗ ನೂರಜಾನಬಿ ಎಲ್ಲ ಹೇಳಿದಳು.

ಮೇಡಂ ಹಾಳೆ ಮಡಿಚಿದರು.

"ಅವತ್ತು ಬೀಗರಿಗೆ ಹೇಳಿದ್ರಿ ಅವ್ವಾರ, ಭಾಳ ಛಲೋ ಹೇಳೀರಿ. ಇವರು ತಿದ್ದಿ ತಂದಾರ. ಇವತ್ತು ಇಲ್ಲಿ ಬೀಗರು ಯಾರೂ ಇಲ್ಲ. ನಿಮ್ಮ ಹುಡುಗ್ರಿಗೆ ಏನು ಹೇಳ್ತೀರಿ?"

ಹುಲಿಗವ್ವ ಮೆಟ್ಟಿಲ ಕಡೆ ನೋಡಿದಳು. ಮೂವರೂ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಫೋನು ಕೈಗೆ ಬಂತು. ಮೇಡಂ ಹೇಳಿದಂತೆ ನೂರಜಾನಬಿ ಪಕ್ಕದ ಕೋಣೆಗೆ ಹೋಗಿ ತನ್ನ ಫೋನಿನಿಂದ ಯಲಬುರ್ಗಾದವರ ಹೆಸರಿನಲ್ಲಿ ಒಂದು ಆರ್ಡರು ಕಳಿಸಿದಳು. ದಪ್ಪ ಅಕ್ಷರವನ್ನು ಹುಲಿಗವ್ವ ಕೂಡಿಸಿಕೊಂಡು ಓದಿದಳು. ನಾಳೆಯೇ ಬೇಕಂತೆ. ನಾಳೆ ಆಗದು, ಕುಷ್ಟಗಿಯ ಮದುವೆ ಇದೆ. ಕೆಂಪು ಗುಂಡಿ ಒತ್ತಿದಳು. ನೂರಜಾನಬಿ ತಂದು ಹಿಡಿದ ಫೋನಿಗೆ ಬಂದ ಉತ್ತರವನ್ನು ಮೇಡಂ ಗಟ್ಟಿಯಾಗಿ ಓದಿದರು: "ನಿಮ್ಮ ಆರ್ಡರ್ ತಿರಸ್ಕರಿಸಲಾಗಿದೆ."

ಹುಲಿಗವ್ವನಿಗೆ ಯಾರೋ ಬಾಗಿಲು ದಢಾರನೆ ಹಾಕಿದಂತಾಯಿತು. ಛಲೋ ಐತಿ ಎಂಬ ಮಾತು ಬಾಯಿಗೆ ಬಂದು ನಿಂತೇ ಇತ್ತು. ಅಷ್ಟರಲ್ಲಿ ಅವಳಿಗೆ ಅತ್ತೆಯ ನೆನಪಾಯಿತು. ಹೊಸದಾಗಿ ಬಂದಾಗ ಅತ್ತೆ ಇವಳ ಒಡಕು ರೊಟ್ಟಿಯನ್ನು ಒಂದು ಮಾತಾಡದೆ ತಿನ್ನುತ್ತಿದ್ದಳು. ನೆರೆಯವರ ಮುಂದೆ ಹೊಗಳುತ್ತಲೂ ಇದ್ದಳು. ಎಷ್ಟೋ ದಿನಗಳ ಮೇಲೆ ಒಂದು ಬೆಳಗ್ಗೆ ಪಕ್ಕದಲ್ಲಿ ಬಂದು ಕೂತು, ನೀರು ಇನ್ನಷ್ಟು ಕುದೀಲಿ ಬಿಡು, ಹಿಟ್ಟು ಹಸೀ ಐತಿ ಅಂದಿದ್ದಳು. ಅಂದೇ ಹುಲಿಗವ್ವನಿಗೆ ಈ ಮನೆ ತನ್ನದು ಅನ್ನಿಸಿದ್ದು. ಅಲ್ಲಿಯ ತನಕ ಅವಳು ನೆಂಟರ ಹುಡುಗಿಯಾಗಿದ್ದಳು.

ಫೋನನ್ನು ತೊಡೆಯ ಮೇಲಿಟ್ಟಳು.

"ಸುಮಂಗಲಾ, ಅಫ್ಸಾನಾ, ದುರಗೇಶ, ಇದು ಛಲೋ ಇಲ್ಲ," ಅಂದಳು. "ರೊಟ್ಟಿ ಕೇಳಾಕ ಬಂದವರನ್ನ ಹಿಂಗ ನೂಕಬಾರದು. ನಾಳೆ ಆಗೂದಿಲ್ಲ, ನಾಡದ ಕೊಡ್ತೀವಿ, ನಡೀತೈತೇನು ಅಂತ ಕೇಳಾಕ ಬರಬೇಕು. ನನಗ ಒಲ್ಲೆ ಅನ್ನೂದು ಬರೂದಿಲ್ಲ ಖರೆ. ಆದರ ಅನ್ನೂದ ಆದ್ರ, ಅವರು ತಿರುಗಿ ಬರೂವಂಗ ಅನ್ನಬೇಕು."

ಮೇಡಂ ಆ ಮಾತನ್ನು ಹಾಳೆಯ ಕೆಳಗೆ ತಾವೇ ಬರೆದುಕೊಂಡರು. ಬರೆದು ಮೂವರ ಕಡೆ ತಿರುಗಿ, ಸೋಮವಾರಕ್ಕೆ ಇದನ್ನು ತಿದ್ದಿಕೊಂಡು ಬಂದು ಪರೀಕ್ಷೆಗೆ ಕೂಡ್ರಿ ಎಂದರು. ತಡವಾದದ್ದು ತನ್ನಿಂದ, ಕಳೆದ ಅಂಕ ತಿರುಗಿ ಕೊಡಬೇಕು ಎಂದು ಹುಲಿಗವ್ವ ಕೈ ಮುಗಿದಳು. ಅದು ಮಾತ್ರ ಆಗುವುದಿಲ್ಲ ಎಂದರು ಮೇಡಂ. ಆದರೆ ನಿಯಮದ ಪ್ರಕಾರ ಸಹಾಯ ಮಾಡಿದವರ ಹೆಸರು ಹಾಕಬೇಕು, ನಿಮ್ಮ ಹೆಸರೂ ನೂರಜಾನಬಿಯವರ ಹೆಸರೂ ಮೊದಲ ಪುಟದಲ್ಲಿ ಬರಬೇಕು ಎಂದು ಹೇಳಿ, ಜುಣಕದ ಜೊತೆ ಎರಡು ರೊಟ್ಟಿ ತಿಂದು ಹೋದರು.

ಸ್ಕೂಟಿಯ ಸದ್ದು ಓಣಿ ದಾಟಿತು. ಅಫ್ಸಾನಾ ನೂರಜಾನಬಿಯ ಕೊರಳಿಗೆ ಜೋತುಬಿದ್ದಿದ್ದಳು. ದುರಗೇಶ ಬಸ್ಸಿಗೆ ಓಡಿದ. ಸುಮಂಗಲಾ ಮಾತ್ರ ಮೆಟ್ಟಿಲ ಮೇಲೆ ಕೂತೇ ಇದ್ದಳು, ಲ್ಯಾಪ್‌ಟಾಪು ತೊಡೆಯ ಮೇಲೆ. ಹುಲಿಗವ್ವನಿಗೆ ಅಳುಕಾಯಿತು. ಮಗಳ ಮುಖದ ಮೇಲೆ ಹೇಳಬಾರದಿತ್ತೇನೋ. ಹತ್ತಿರ ಹೋಗಿ ತಲೆ ಸವರಿ, ಸಿಟ್ಟಾದೇನವ್ವಾ ಎಂದು ಕೇಳಿದಳು.

ಸುಮಂಗಲಾ ಇಲ್ಲ ಎಂದು ತಲೆಯಾಡಿಸಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಆಯಿ, ಮತ್ತೇನರ ಐತೇನು?"

ಹುಲಿಗವ್ವ ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡಳು.

"ಐತಿ. ಮದಲ ಉಣ್ಣು, ಹೇಳ್ತೀನಿ."